ಕಾಗದದ ಅಳತೆ: ಅರ್ಧಕ್ಕೆ ನಿಂತ ಸುಧಾರಣೆ

ಆಣೆ, ಸೇರುಗಳು ನಮ್ಮ ವ್ಯವಹಾರದಿಂದ ಅಧಿಕೃತವಾಗಿ ನಿರ್ಗಮಿಸಿ ಆರು ದಶಕಗಳೇ ಕಳೆದಿವೆ. 1956ರ ತೂಕ ಮತ್ತು ಅಳತೆ ಕಾಯ್ದೆ ಹಾಗೂ 1957ರ ಏಪ್ರಿಲ್ 1ರಂದು ಜಾರಿಗೆ ಬಂದ ದಶಮಾಂಶ ನಾಣ್ಯ ಪದ್ಧತಿ ಈ ಬದಲಾವಣೆಗೆ ಕಾರಣವಾದವು. ಆದರೆ ಕಚೇರಿ ಮತ್ತು ನ್ಯಾಯಾಲಯಗಳ ಕಾಗದ ಮಾತ್ರ ಬಹುಕಾಲ ಅಂಗುಲದ ಲೆಕ್ಕದಲ್ಲಿಯೇ ಉಳಿಯಿತು. ‘ಫುಲ್‌ಸ್ಕೇಪ್’ ಎಂದು ನಾವು ಕರೆಯುತ್ತ ಬಂದ ಉದ್ದನೆಯ ಹಾಳೆ, ಅದರ ಜೊತೆಗಿನ ಲೀಗಲ್ ಹಾಳೆ, ಅನಂತರ ಬಂದ ಎ-4 ಹಾಳೆ ಇವು ಮೂರೂ ಒಂದೇ ಕಡತದಲ್ಲಿ ಸಹಬಾಳ್ವೆ ನಡೆಸುವುದನ್ನು ನಾನು ಸೇವೆಯುದ್ದಕ್ಕೂ ಕಂಡಿದ್ದೇನೆ.

ಮೆಟ್ರಿಕ್ ಹಾಳೆಯ ಹಿಂದಿರುವ ತತ್ವ ಸರಳವಾದುದು. ಉದ್ದ ಮತ್ತು ಅಗಲಗಳ ಅನುಪಾತ ಎರಡರ ವರ್ಗಮೂಲವಾಗಿದ್ದರೆ, ಹಾಳೆಯನ್ನು ಅಡ್ಡಲಾಗಿ ಎರಡು ಸಮಭಾಗ ಮಾಡಿದಾಗ ಪ್ರತಿ ಭಾಗಕ್ಕೂ ಮೂಲದ ಆಕಾರವೇ ಉಳಿಯುತ್ತದೆ. ಜರ್ಮನಿಯ ವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರಲ್ಲಿಯೇ ಪತ್ರವೊಂದರಲ್ಲಿ ಇದನ್ನು ವಿವರಿಸಿದ್ದ. 1922ರಲ್ಲಿ ಜರ್ಮನಿ ಇದನ್ನು ತನ್ನ ಮಾನಕವನ್ನಾಗಿ ಮಾಡಿಕೊಂಡಿತು. 1975ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಎ-0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್. ಅದರ ಹದಿನಾರನೆಯ ಒಂದು ಭಾಗವೇ 210x297 ಮಿ.ಮೀ. ಅಳತೆಯ ಎ-4. ಈ ಸರಣಿಯಲ್ಲಿ ದೊಡ್ಡ ಹಾಳೆಯನ್ನು ಚಿಕ್ಕದಕ್ಕೆ ಇಳಿಸಿದಾಗ ಅಂಚು ಕತ್ತರಿಸುವುದಿಲ್ಲ, ಜಾಗ ವ್ಯರ್ಥವಾಗುವುದಿಲ್ಲ.

ಲೀಗಲ್ ಹಾಳೆಯ ಅಳತೆ 8.5x14 ಅಂಗುಲ, ಎಂದರೆ ಸುಮಾರು 216x356 ಮಿ.ಮೀ. ಇದನ್ನು ಎ-4 ಹಾಳೆಯೊಳಗೆ ಪೂರ್ಣವಾಗಿ ಕೂರಿಸಬೇಕಾದರೆ ಶೇ 83ಕ್ಕೆ ಕುಗ್ಗಿಸಬೇಕು. ಹನ್ನೆರಡು ಪಾಯಿಂಟ್ ಅಕ್ಷರ ಹತ್ತಕ್ಕೆ ಇಳಿಯುತ್ತದೆ, ಇಕ್ಕೆಲಗಳಲ್ಲಿ ಜಾಗ ಖಾಲಿ ಉಳಿಯುತ್ತದೆ. ಕುಗ್ಗಿಸದೆ ಪ್ರತಿ ತೆಗೆದರೆ ಸುಮಾರು ಆರು ಸೆಂಟಿಮೀಟರ್ ಉದ್ದದ ಭಾಗ ಹಾಳೆಯಿಂದ ಹೊರಗುಳಿಯುತ್ತದೆ. ಸಹಿ, ದಿನಾಂಕ ಮತ್ತು ಮೊಹರು ಸಾಮಾನ್ಯವಾಗಿ ಇರುವುದು ಆ ಕೆಳಭಾಗದಲ್ಲಿಯೇ.

ನಾನು ಜಿಲ್ಲೆಯೊಂದರಲ್ಲಿ ಅಧಿಕಾರಿಯಾಗಿದ್ದಾಗ ವೃದ್ಧೆಯೊಬ್ಬರು ಕುಟುಂಬ ಪಿಂಚಣಿಗಾಗಿ ಅರ್ಜಿ ಸಲ್ಲಿಸಿದ್ದರು. ಪತಿಯ ಸೇವಾ ಆದೇಶವಿದ್ದುದು ಉದ್ದನೆಯ ಹಾಳೆಯಲ್ಲಿ. ಜೆರಾಕ್ಸ್ ಅಂಗಡಿಯಲ್ಲಿದ್ದುದು ಎ-4 ಮಾತ್ರ. ಪ್ರತಿಯಲ್ಲಿ ಆದೇಶದ ದಿನಾಂಕ ಮೂಡಿರಲಿಲ್ಲ. ‘ದಾಖಲೆ ಅಪೂರ್ಣ’ ಎಂದು ಅರ್ಜಿಯನ್ನು ಹಿಂದಿರುಗಿಸುವ ಟಿಪ್ಪಣಿಗೆ ಸಹಿ ಮಾಡಿದವನು ನಾನೇ. ಆಕೆ ಮತ್ತೆ ಬಸ್ಸು ಹತ್ತಿ ಬಂದಾಗಲೇ ನಡೆದದ್ದೇನೆಂದು ನನಗೆ ತಿಳಿದದ್ದು. ನಿಯಮದ ಪ್ರಕಾರ ಟಿಪ್ಪಣಿ ಸರಿಯಾಗಿತ್ತು. ಆದರೆ ಎರಡು ಅಳತೆಗಳ ನಡುವಣ ವ್ಯತ್ಯಾಸದ ವೆಚ್ಚವನ್ನು, ಅದನ್ನು ಭರಿಸುವ ಶಕ್ತಿ ಎಲ್ಲರಿಗಿಂತ ಕಡಿಮೆಯಿದ್ದವರ ಮೇಲೆ ಹೊರಿಸಲಾಗಿತ್ತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಶ್ನೆಯ ತಿರುಳು ಇದೇ ಎನಿಸುತ್ತದೆ.

ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಸುತ್ತೋಲೆ ಹೊರಡಿಸಿ, ಏಪ್ರಿಲ್ 1ರಿಂದ ತನ್ನಲ್ಲಿ ಸಲ್ಲಿಸುವ ಅರ್ಜಿ, ಪ್ರಮಾಣಪತ್ರಗಳಿಗೆ ಎ-4 ಹಾಳೆಯ ಎರಡೂ ಬದಿಯನ್ನು ಬಳಸಲು ಸೂಚಿಸಿತು. ಇದು ಸ್ವಾಗತಾರ್ಹ. ಆದರೆ ಕಾಗದದ ಉಳಿತಾಯಕ್ಕೆ ಎ-4 ಅಳತೆಯೇ ಕಾರಣ ಎಂಬ ವಾದವನ್ನು ಎಚ್ಚರಿಕೆಯಿಂದ ನೋಡಬೇಕು. ಎ-4 ಹಾಳೆಯು ಲೀಗಲ್‌ಗಿಂತ ಸುಮಾರು ಶೇ 19ರಷ್ಟು ಚಿಕ್ಕದು ನಿಜ. ಅದೇ ಬರಹಕ್ಕೆ ಆ ಅನುಪಾತಕ್ಕೆ ತಕ್ಕಂತೆ ಹೆಚ್ಚು ಹಾಳೆಗಳೂ ಬೇಕಾಗುತ್ತವೆ. ನಿಜವಾದ ಉಳಿತಾಯವಾಗುವುದು ಎರಡೂ ಬದಿ ಮುದ್ರಿಸುವುದರಿಂದ. ಏಕರೂಪದ ಅಳತೆಯ ಲಾಭ ಬೇರೆ ಬಗೆಯದು: ಒಂದು ಕಚೇರಿಯ ಕಾಗದ ಮತ್ತೊಂದು ಕಚೇರಿಯ ಯಂತ್ರಕ್ಕೆ, ಲಕೋಟೆಗೆ, ಕಡತಕ್ಕೆ ತಕರಾರಿಲ್ಲದೆ ಹೊಂದುತ್ತದೆ.

ಹಾಗಾದರೆ ಹಳೆಯ ಅಳತೆಗಳನ್ನೆಲ್ಲ ಕೈಬಿಡಬೇಕೇ? ಬೇಕಿಲ್ಲ. ಕನ್ನಡ ಪುಸ್ತಕಗಳ ಮುದ್ರಣ ವಿವರದಲ್ಲಿ ‘ಡೆಮಿ 1/8’, ‘ಕ್ರೌನ್ 1/8’ ಎಂದು ಇಂದಿಗೂ ಕಾಣುತ್ತೇವೆ. ಕೈಯಲ್ಲಿ ಹಿಡಿದು ಓದಲು ಆ ಆಕಾರ ಅನುಕೂಲಕರ. ಮುದ್ರಕರಿಗೂ ಅದು ರೂಢಿಯಾಗಿದೆ. ಓದುಗ ಪುಸ್ತಕವನ್ನು ಯಾವ ಕಚೇರಿಗೂ ಲಗತ್ತಿಸಬೇಕಾಗಿಲ್ಲವಾದ್ದರಿಂದ ಅದರಿಂದ ಯಾರಿಗೂ ತೊಂದರೆಯಿಲ್ಲ. ಮದುವೆಯ ಆಮಂತ್ರಣ ಪತ್ರಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಕೈಯಿಂದ ಕೈಗೆ ಸಾಗಿ, ಪ್ರತಿಯಾಗಿ, ಕಡತ ಸೇರಬೇಕಾದ ಕಾಗದಕ್ಕೆ ಮಾತ್ರ ಒಂದೇ ಅಳತೆ ಅನಿವಾರ್ಯ.

ಈ ನಿಟ್ಟಿನಲ್ಲಿ ಆಗಬೇಕಾದ ಕೆಲಸ ದೊಡ್ಡದಲ್ಲ. ಅರ್ಜಿ ನಮೂನೆಗಳನ್ನು ಮರುಮುದ್ರಿಸುವಾಗ ಎ-4ಕ್ಕೆ ತರಬೇಕು. ನಿಯಮಗಳಲ್ಲಿಯೇ ಬೇರೆ ಅಳತೆ ನಿಗದಿಯಾಗಿದ್ದರೆ ತಿದ್ದುಪಡಿ ಮಾಡಬೇಕು. ಕಚೇರಿಯ ಗಣಕಯಂತ್ರಗಳಲ್ಲಿ ಅಮೆರಿಕದ ‘ಲೆಟರ್’ ಅಳತೆ ಹಾಗೆಯೇ ಉಳಿದಿದ್ದರೆ ಬದಲಿಸಬೇಕು. ಅದು ಎ-4ಕ್ಕಿಂತ ಸುಮಾರು 18 ಮಿ.ಮೀ. ಗಿಡ್ಡ. ಹಳೆಯ ಉದ್ದನೆಯ ದಾಖಲೆಗಳು ಇನ್ನೂ ದಶಕಗಳ ಕಾಲ ಜನರ ಪೆಟ್ಟಿಗೆಗಳಲ್ಲಿ ಇರುತ್ತವೆ. ಅವುಗಳ ಪ್ರತಿಯಲ್ಲಿ ಅಂಚು ಕತ್ತರಿಸಿಹೋಗಿದ್ದರೆ ಅರ್ಜಿಯನ್ನು ಹಿಂದಿರುಗಿಸುವ ಬದಲು ಮೂಲ ದಾಖಲೆಯನ್ನು ಸ್ಥಳದಲ್ಲಿಯೇ ಪರಿಶೀಲಿಸಿ ದೃಢೀಕರಿಸಿಕೊಳ್ಳಬೇಕು. ಅಂದು ನಾನು ಮಾಡಬೇಕಾಗಿದ್ದುದೂ ಅಷ್ಟೇ.