ಟಪ್ಪಾಲಿಗೆ ಬಿದ್ದ ತೆಂಗಿನಕಾಯಿ

ದೂರದ ಊರಿನಲ್ಲಿ ಓದುತ್ತಿರುವ ಮಗನಿಗೆ ಚಟ್ನಿಪುಡಿ, ಕೋಡುಬಳೆಗಳನ್ನು ಡಬ್ಬಿಯಲ್ಲಿ ತುಂಬಿ, ಮೇಲೆ ಬಿಳಿಯ ಬಟ್ಟೆ ಹೊಲಿದು, ಹೊಲಿಗೆಯ ಮೇಲೆ ಅರಗಿನ ಮುದ್ರೆಯೊತ್ತಿ ಅಂಚೆಗೆ ಹಾಕುವುದು ನಮ್ಮಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಅದರಲ್ಲಿ ವಾತ್ಸಲ್ಯವುಂಟು, ಪ್ರಯೋಜನವುಂಟು. ಅದನ್ನು ಯಾರೂ ಆಕ್ಷೇಪಿಸರು. ಆದರೆ ತಿನ್ನುವ ವಸ್ತುಗಳನ್ನು ಅಂಚೆಗೆ ಹಾಕುವ ಇನ್ನೊಂದು ಬಗೆಯೂ ಲೋಕದಲ್ಲಿ ಉಂಟು. ಅಲ್ಲಿ ಡಬ್ಬಿಯಿಲ್ಲ, ಬಟ್ಟೆಯಿಲ್ಲ, ಅರಗಿಲ್ಲ. ಗಡ್ಡೆಯೊಂದರ ಮೈಮೇಲೆಯೇ ವಿಳಾಸವನ್ನು ಕೆತ್ತಿ, ಇಲ್ಲವೆ ಕಾಯಿಯೊಂದರ ಸಿಪ್ಪೆಗೇ ಅಂಚೆಚೀಟಿ ಅಂಟಿಸಿ, ಬರಿಮೈಯಲ್ಲಿಯೇ ಅದನ್ನು ಅಂಚೆಮನೆಯ ಕಿಟಕಿಯೊಳಗೆ ನೀಡುವುದು. ತಲುಪುವುದೋ ಇಲ್ಲವೋ ಎಂದು ಕೌತುಕದಿಂದ ಕಾಯುವುದು. ಇದು ಕೇವಲ ವಿನೋದ. ಕೆಲಸವಿಲ್ಲದವರ ಕೆಲಸವೆಂದು ಗಂಭೀರರಾದ ಹಿರಿಯರು ಇದನ್ನು ತಳ್ಳಿಹಾಕಬಹುದು. ನನಗೆ ಮಾತ್ರ ಈ ವಿನೋದ ಅಷ್ಟು ಹಗುರವಾಗಿ ಕಾಣುವುದಿಲ್ಲ. ಅದರ ಪರವಾಗಿ ವಾದಿಸುವ ಮನಸ್ಸೂ ನನಗಿದೆ; ಅದಕ್ಕೊಂದು ಮೇರೆಯನ್ನು ಗೊತ್ತುಮಾಡುವ ಮನಸ್ಸೂ ಇದೆ.

ಈ ಕಲೆಗೆ ಒಬ್ಬ ಆಚಾರ್ಯಪುರುಷನಿದ್ದರೆ ಅವನು ಲಂಡನ್ನಿನ ಫಾರೆಸ್ಟ್ ಹಿಲ್ ಬಡಾವಣೆಯಲ್ಲಿದ್ದ ರೆಜಿನಾಲ್ಡ್ ಬ್ರೇ. 1879ರಲ್ಲಿ ಹುಟ್ಟಿದ ಈತ 1898ರಲ್ಲಿ, ಇನ್ನೂ ಹರೆಯದಲ್ಲಿದ್ದಾಗ, ಬ್ರಿಟಿಷ್ ಅಂಚೆ ಇಲಾಖೆಯ ನಿಯಮಗಳ ಕೈಪಿಡಿಯೊಂದನ್ನು ಕೊಂಡುತಂದ. ಇತರರು ಅದನ್ನು ದರ ತಿಳಿಯುವುದಕ್ಕಾಗಿ ತಿರುವಿಹಾಕುತ್ತಿದ್ದರು. ಬ್ರೇ ಅದನ್ನು ಪುರಾಣದಂತೆ ಪಾರಾಯಣ ಮಾಡಿದ. ಓದಿದ ಮೇಲೆ ಅವನಿಗೆ ಹೊಳೆದುದು ಇಷ್ಟೆ: ಇವರು ಬೇಡವೆಂದಿರುವ ವಸ್ತುಗಳು ಕೆಲವು, ಬೇಡವೆನ್ನದೆ ಬಿಟ್ಟಿರುವ ವಸ್ತುಗಳು ಅಸಂಖ್ಯಾತ. ಅಂದಿನಿಂದ ಆರಂಭವಾಯಿತು ಅವನ ಪ್ರಯೋಗ. ಟರ್ನಿಪ್ ಗಡ್ಡೆಯ ಮೇಲೆ ವಿಳಾಸ ಕೆತ್ತಿ ಕಳುಹಿಸಿದ, ಈರುಳ್ಳಿಯನ್ನು ಕಳುಹಿಸಿದ, ಮೊಲದ ತಲೆಬುರುಡೆಯನ್ನು, ತನ್ನ ನಾಯಿಯನ್ನು, ಕೊನೆಗೆ 1900ರಲ್ಲಿ ತನ್ನನ್ನೇ ಅಂಚೆಗೆ ಹಾಕಿಕೊಂಡು, ಅಂಚೆಯಾಳಿನ ಜತೆಯಲ್ಲಿ ತನ್ನ ಮನೆಯ ಬಾಗಿಲಿಗೆ ತಲುಪಿದ. 1939ರಲ್ಲಿ ಆತ ತೀರಿಕೊಂಡ. ಅವನು ಕಳುಹಿಸಿದ ವಸ್ತುಗಳ ಕಥೆ 2010ರಲ್ಲಿ ಪುಸ್ತಕವಾಗಿಯೂ ಬಂದಿದೆ.

ಬ್ರೇಯ ನಡತೆಯಲ್ಲಿ ನಾವು ಗಮನಿಸಬೇಕಾದ ಅಂಶ ಒಂದಿದೆ. ಆತ ನಿಯಮವನ್ನು ಮುರಿಯಲಿಲ್ಲ, ನಿಯಮವನ್ನು ಓದಿದ. ದರವನ್ನು ತಪ್ಪಿಸಲಿಲ್ಲ, ತೆತ್ತ. ಇಲಾಖೆ ಸಾರ್ವಜನಿಕರಿಗೆ ಒಂದು ಮಾತು ಕೊಟ್ಟಿತ್ತು: ಚೀಟಿ ಅಂಟಿಸಿ ವಿಳಾಸ ಬರೆದರೆ ಮುಟ್ಟಿಸುತ್ತೇವೆ, ಎಂದು. ಆ ಮಾತು ಎಷ್ಟು ದೂರ ನಿಲ್ಲುವುದೆಂದು ಆತ ಒರೆಹಚ್ಚಿ ನೋಡಿದ. ಕಾಗದವನ್ನು ಮುಟ್ಟಿಸುವುದೇನು ದೊಡ್ಡದಲ್ಲ; ಗಡ್ಡೆಯನ್ನು ಮುಟ್ಟಿಸಿದಾಗ ಮಾತಿನ ಬೆಲೆ ಗೊತ್ತಾಗುತ್ತದೆ.

ಇಂಥ ಮಾತು ಹುಟ್ಟಿ ಬಹಳ ಕಾಲವೇನೂ ಆಗಿಲ್ಲವೆಂಬುದನ್ನು ನಾವು ಮರೆಯುತ್ತೇವೆ. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಹದಿನೇಳನೆಯ ಶತಮಾನದಲ್ಲಿ, ಅಂಚೆಯ ವ್ಯವಸ್ಥೆ ಏರ್ಪಟ್ಟಿತು. ಆದರೆ ಅದು ಮೊದಲಿಗೆ ಅರಸನ ಅಂಚೆ. ರಾಜ್ಯದ ಮೂಲೆಮೂಲೆಯ ಸುದ್ದಿಯನ್ನು ಅರಮನೆಗೆ ಮುಟ್ಟಿಸುವುದು ಅದರ ಮುಖ್ಯ ಕೆಲಸ. ಆ ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯದ ಅಂಚೆಯೊಡನೆ ಸೇರಿಹೋಯಿತು. ಯಾರ ಕಾಗದವೇ ಆಗಲಿ, ಎಷ್ಟು ದೂರಕ್ಕೇ ಆಗಲಿ ಒಂದೇ ದರವೆಂಬ ಏರ್ಪಾಡು ಬ್ರಿಟನ್ನಿನಲ್ಲಿ 1840ರಲ್ಲಿಯೂ ಇಂಡಿಯದಲ್ಲಿ 1854ರಲ್ಲಿಯೂ ಬಂದಿತು. ಅಂದರೆ ಅರಸನ ಓಲೆಗೂ ಆಳಿನ ಕಾರ್ಡಿಗೂ ಒಂದೇ ಚೀಲವಾದುದು ಮೊನ್ನೆ ಮೊನ್ನೆ. ಆ ಚೀಲದೊಳಕ್ಕೆ ಈರುಳ್ಳಿಯೊಂದು ಇಳಿಯಿತೆಂದರೆ ಅದನ್ನು ಉದ್ಧಟತನವೆಂದು ನಾನು ಎಣಿಸಲಾರೆ. ಚೀಲ ಎಲ್ಲರದೆಂಬ ನಂಬಿಕೆ ಜನರಲ್ಲಿ ಬೇರೂರಿದುದರ ಗುರುತು ಅದು.

ಆಟವೆಂದು ತೊಡಗಿದುದು ಪ್ರಯೋಜನಕ್ಕೆ ದಾರಿ ತೋರಿಸಿದುದೂ ಉಂಟು. ಅಮೆರಿಕದಲ್ಲಿ ಪಾರ್ಸೆಲ್ ಅಂಚೆ ಆರಂಭವಾದುದು 1913ರ ಜನವರಿ 1ರಂದು. ಆ ಹೊಸತರಲ್ಲಿ ಸೇಂಟ್ ಲೂಯಿಸ್ ನಗರದಿಂದ ನೆರೆಯ ಎಡ್ವರ್ಡ್ಸ್‌ವಿಲ್ ಊರಿಗೆ ಆರು ಮೊಟ್ಟೆಗಳನ್ನು ಕಳುಹಿಸಿದರು. ಹೋದವು ಮೊಟ್ಟೆಗಳು, ಮರುಟಪ್ಪಾಲಿನಲ್ಲಿ ಹಿಂದಿರುಗಿ ಬಂದುದು ಆ ಮೊಟ್ಟೆಗಳಿಂದಲೇ ಬೇಯಿಸಿದ ಕೇಕು! ಅಂದು ನಕ್ಕವರು ನಕ್ಕರು. ಆದರೆ ಕೆಲವೇ ವರ್ಷಗಳಲ್ಲಿ ಹಳ್ಳಿಯ ಮೊಟ್ಟೆ ಬೆಣ್ಣೆಗಳನ್ನು ಪಟ್ಟಣದ ಮನೆಗಳಿಗೆ ಅಂಚೆಯಲ್ಲಿ ನೇರವಾಗಿ ಒದಗಿಸುವ ಪ್ರಯತ್ನವನ್ನು ಸರಕಾರವೇ ಕೈಗೊಂಡಿತು.

ನಮ್ಮ ದೇಶದ ಉದಾಹರಣೆ ಇದಕ್ಕಿಂತ ವಿಚಿತ್ರವಾದುದು. ಸ್ಟೀಫನ್ ಸ್ಮಿತ್ ಎಂಬ ಅಂಚೆಪ್ರೇಮಿಯೊಬ್ಬರು ಬಾಣದಂತೆ ಹಾರುವ ರಾಕೆಟ್ಟಿನಲ್ಲಿ ಟಪ್ಪಾಲು ಕಳುಹಿಸುವ ಹುಚ್ಚನ್ನು ಹಚ್ಚಿಕೊಂಡಿದ್ದರು. 1935ರಲ್ಲಿ ಅವರು ಒಂದು ಹುಂಜವನ್ನೂ ಒಂದು ಹೇಂಟೆಯನ್ನೂ ರಾಕೆಟ್ಟಿನಲ್ಲಿಟ್ಟು ದಾಮೋದರ ನದಿಯ ಆಚೆಯ ದಡಕ್ಕೆ ಹಾರಿಸಿದರು; ಎರಡೂ ಜೀವಂತವಾಗಿ ಇಳಿದವು. ಹುಚ್ಚೆಂದು ಹೇಳಲು ನಾಲಗೆ ತುದಿಗೆ ಬರುತ್ತದೆ. ಆದರೆ ಅದೇ ವರ್ಷ ಕ್ವೆಟ್ಟಾ ಭೂಕಂಪದಲ್ಲಿ ಸಾವಿರಾರು ಜನ ಸತ್ತರು. ಆ ಬಳಿಕ ಇದೇ ಸ್ಮಿತ್ ಅಕ್ಕಿ, ಕಾಳು, ಸಾಂಬಾರ ಪದಾರ್ಥಗಳ ಕಟ್ಟೊಂದನ್ನು ರೂಪನಾರಾಯಣ ನದಿಯ ಮೇಲಿಂದ ಹಾರಿಸಿ, ದಾರಿ ಕಡಿದುಹೋದ ಕಡೆ ಹಸಿದವರಿಗೆ ಹೀಗೂ ಆಹಾರ ಮುಟ್ಟಿಸಬಹುದೆಂದು ತೋರಿಸಿದರು. 1992ರಲ್ಲಿ ಭಾರತದ ಅಂಚೆ ಇಲಾಖೆ ಅವರ ನೆನಪಿಗೆ ಚೀಟಿಯೊಂದನ್ನು ಹೊರತಂದಿತು.

ಇಷ್ಟು ಆಟದ ಪರವಾದ ವಾದ. ಇನ್ನು ಆಕ್ಷೇಪಗಳನ್ನು ನೋಡೋಣ.

ಅನ್ನದೊಡನೆ ಆಟವೇ, ಎಂಬುದು ಮೊದಲನೆಯ ಆಕ್ಷೇಪ. ಎಲೆಯಲ್ಲಿ ಅಗುಳು ಬಿಡಬಾರದೆಂದು ಮಕ್ಕಳಿಗೆ ಕಲಿಸುವ ನಾಡಿನಲ್ಲಿ ಈ ಪ್ರಶ್ನೆ ಸಹಜವಾದುದು, ನ್ಯಾಯವಾದುದು. ನನ್ನ ಉತ್ತರ ಇದು: ಕಳುಹಿಸಿದ ವಸ್ತು ಕೊನೆಗೆ ಯಾರದಾದರೂ ಬಾಯಿಗೆ ಬೀಳಬೇಕು, ಇಲ್ಲವೆ ಯಾರದಾದರೂ ಮನೆಯಲ್ಲಿ ನೆನಪಾಗಿ ಉಳಿಯಬೇಕು. ಸೇಂಟ್ ಲೂಯಿಸಿನ ಮೊಟ್ಟೆ ಕೇಕಾಯಿತು. ಅಲ್ಲಿ ಅನ್ನಕ್ಕೆ ಅವಮಾನವಾಗಲಿಲ್ಲ. 2000ದಲ್ಲಿ ಅಮೆರಿಕದ ಒಂದು ವಿನೋದ ವಿಜ್ಞಾನ ಪತ್ರಿಕೆಯ ಬಳಗದವರು ಅಂಚೆಯನ್ನು ಪರೀಕ್ಷಿಸಲೆಂದು ಬಗೆಬಗೆಯ ವಸ್ತುಗಳನ್ನು ಕಳುಹಿಸಿ, ಫಲವನ್ನು ಪ್ರಕಟಿಸಿದರು. ನಿಂಬೆಹಣ್ಣಿತ್ತು, ಎಳನೀರಿನಂಥ ಹಸಿಯ ಕಾಯಿಯಿತ್ತು. ಕಳುಹಿಸಿದವುಗಳಲ್ಲಿ ಹೆಚ್ಚಿನವು ತಲುಪಿದುವೆಂಬುದು ಅಂಚೆಯವರಿಗೆ ಹೆಮ್ಮೆಯ ಮಾತು. ಆದರೆ ಆ ಪಟ್ಟಿಯಲ್ಲಿ ಕೆಟ್ಟು ನಾರುವ ಚೀಸಿನ ಗಾಲಿಯೂ ಒಂದಿತ್ತು. ನಿಂಬೆಹಣ್ಣಿನವರೆಗೆ ನಾನು ಅವರೊಡನೆ ನಗುತ್ತ ಹೋಗಬಲ್ಲೆ. ಚೀಸಿನ ಬಳಿ ನಿಂತುಬಿಡುತ್ತೇನೆ.

ಏಕೆ ನಿಲ್ಲುತ್ತೇನೆಂಬುದೇ ಎರಡನೆಯ ಆಕ್ಷೇಪ, ಮತ್ತು ನನ್ನ ಮಾತಿನ ತಿರುಳು. ಮುಚ್ಚಿದ ಪಾರ್ಸೆಲಿನ ಸಂತೋಷ ಇಬ್ಬರದು: ಕಳುಹಿಸಿದವರದು, ಬಿಚ್ಚಿದವರದು. ನಡುವೆ ಹೊತ್ತವರಿಗೆ ಅದರಿಂದ ಭಾರವೊಂದೇ. ಬರಿಮೈಯ ಕಾಯಿಯ ಸಂತೋಷವಾದರೋ ದಾರಿಯುದ್ದಕ್ಕೂ ಹಂಚಿಕೆಯಾಗುತ್ತದೆ. ಕಿಟಕಿಯ ಹಿಂದಿನ ಗುಮಾಸ್ತ ನಗುತ್ತಾನೆ. ಮುದ್ರೆಯೊತ್ತುವಾತ ಎಲ್ಲಿ ಒತ್ತಲೆಂದು ತಿರುಗಿಸಿ ನೋಡುತ್ತಾನೆ. ವಿಂಗಡಿಸುವವರು ಕೈಯಿಂದ ಕೈಗೆ ದಾಟಿಸುತ್ತಾರೆ. ಕೊನೆಗೆ ಸೈಕಲ್ಲಿನ ಮೇಲೆ ಬರುವ ಅಂಚೆಯವನು ಬಾಗಿಲಲ್ಲಿ ನಿಂತು, ಅದನ್ನು ಪಡೆಯುವವರ ಮುಖ ನೋಡದೆ ಹಿಂದಿರುಗಲಾರ. ಈ ವಿನೋದದ ಸೊಗಸೆಲ್ಲ ಇರುವುದು ಇಲ್ಲಿಯೇ. ಆದುದರಿಂದಲೇ ಅದರ ಹೊಣೆಯೂ ಇಲ್ಲಿಯೇ. ಆಟಕ್ಕೆ ಅಷ್ಟು ಜನರನ್ನು ಅವರ ಒಪ್ಪಿಗೆ ಕೇಳದೆ ಸೇರಿಸಿಕೊಂಡ ಮೇಲೆ, ಅವರಿಗೆ ನಗು ಬರುವಂತಿರಬೇಕೇ ಹೊರತು ವಾಕರಿಕೆ ಬರುವಂತಿರಬಾರದು. ಅಂಚೆಯೊಡನೆ ಆಡಬಹುದು, ಅಂಚೆಯವನ ಬೆನ್ನಿನ ಮೇಲೆ ಆಡಬಾರದು.

ಬ್ರೇ ಕೈಪಿಡಿ ಕೊಂಡ ಅದೇ 1898ರಲ್ಲಿ ನಮ್ಮ ದೇಶಕ್ಕೊಂದು ಅಂಚೆ ಕಾಯಿದೆ ಬಂದಿತು. ಸ್ಫೋಟಕ ವಸ್ತು, ಹೊಲಸು, ವಿಷ, ಹೊದಿಕೆಯಿಲ್ಲದ ಹರಿತ ಸಲಕರಣೆ ಇವುಗಳೊಂದನ್ನೂ ಅಂಚೆಗೆ ಹಾಕಕೂಡದೆಂದು ಅದು ವಿಧಿಸಿತ್ತು. ಇತರರ ಟಪ್ಪಾಲಿಗೆ ಮಾತ್ರವಲ್ಲ, ಅಂಚೆಯ ನೌಕರರಿಗೆ ಅಪಾಯ ತರುವ ಜೀವಿಯನ್ನೂ ಕಳುಹಿಸಕೂಡದೆಂದು ಬಾಯಿಬಿಟ್ಟು ಹೇಳಿತ್ತು. 2024ರ ಜೂನ್ 18ರಿಂದ ಅದರ ಸ್ಥಾನದಲ್ಲಿ ಹೊಸ ಕಾಯಿದೆ ಜಾರಿಯಾಗಿದೆ. ಹಳೆಯದು ಹೋದರೂ ಅದರಲ್ಲಿದ್ದ ಆ ವಿವೇಕ ನಮ್ಮ ವಿನೋದಕ್ಕೆ ಸಾಕಾದಷ್ಟು ಒಳ್ಳೆಯ ಅಳತೆಗೋಲು. ಒಸರಬಾರದು, ನಾರಬಾರದು, ಚುಚ್ಚಬಾರದು, ಪಕ್ಕದ ಕಾಗದವನ್ನು ಕೆಡಿಸಬಾರದು. ಪಕ್ಕದ ಕಾಗದ ಯಾರದೋ ಕೆಲಸದ ಆದೇಶವಾಗಿರಬಹುದು, ಯಾರದೋ ಪಿಂಚಣಿಯ ಪತ್ರವಾಗಿರಬಹುದು.

ಈ ಮೇರೆಯೊಳಗೆ ಆಟ ಎಷ್ಟು ಚೆನ್ನಾಗಿ ನಡೆಯಬಲ್ಲುದೆಂಬುದಕ್ಕೆ ಹವಾಯಿ ದ್ವೀಪಸಮೂಹ ಸಾಕ್ಷಿ. ಅಲ್ಲಿ ಮೊಲೊಕಾಯಿ ಎಂಬ ಚಿಕ್ಕ ದ್ವೀಪವುಂಟು. ಹೆಸರಿನಲ್ಲೇ ಕಾಯಿ ಇರುವುದು ನಮ್ಮ ಕಿವಿಗೆ ಮಾತ್ರ ಕೇಳುವ ಚಮತ್ಕಾರ. ಆ ದ್ವೀಪದ ಹೋಓಲೆಹುವಾ ಎಂಬ ಊರಿನ ಅಂಚೆಮನೆಯಲ್ಲಿ ಪೋಸ್ಟ್ ಮಾಸ್ತರಾಗಿದ್ದ ಮಹಿಳೆಯೊಬ್ಬರು 1991ರಲ್ಲಿ ಒಂದು ಪದ್ಧತಿಯನ್ನು ಆರಂಭಿಸಿದರು. ಒಣಗಿದ ತೆಂಗಿನಕಾಯಿಗಳನ್ನು ಅಲ್ಲಿ ಬುಟ್ಟಿಯಲ್ಲಿ ಇಟ್ಟಿರುತ್ತಾರೆ; ಬರೆಯಲು ಬಣ್ಣದ ಲೇಖನಿಗಳನ್ನೂ ಇಟ್ಟಿರುತ್ತಾರೆ. ಬಂದವರು ಕಾಯಿಯ ಮೇಲೆ ಚಿತ್ರ ಬರೆದು, ವಿಳಾಸ ಬರೆದು, ಅಂಚೆವೆಚ್ಚವನ್ನಷ್ಟೇ ಕೊಟ್ಟು ಕಳುಹಿಸಬಹುದು, ಕಾಯಿಗೆ ಬೆಲೆಯಿಲ್ಲ. ಒಣಗಿದ ಕಾಯಿಯಾದುದರಿಂದ ಒಸರುವುದಿಲ್ಲ, ನಾರುವುದಿಲ್ಲ. ಗಟ್ಟಿ ಸಿಪ್ಪೆಯೇ ಅದಕ್ಕೆ ಹೊದಿಕೆ. ಎಲ್ಲಕ್ಕಿಂತ ಮಿಗಿಲಾಗಿ, ಈ ವಿನೋದ ಅಂಚೆಯವರ ಮೇಲೆ ಹೊರಗಿನವರು ಹೇರಿದುದಲ್ಲ. ಅಂಚೆಮನೆಯೊಳಗಿನಿಂದಲೇ ಬಂದ ಆಹ್ವಾನ.

ಇಂಥ ಆಹ್ವಾನ ಇಂದು ಏಕೆ ಬೇಕೆಂದು ಕೇಳಬಹುದು. ಕಾಗದ ಬರೆಯುವವರು ಕಡಿಮೆಯಾಗುತ್ತಿದ್ದಾರೆ. ನಮ್ಮಲ್ಲಿ ತಂತಿಯ ಸೇವೆ 2013ರ ಜುಲೈಯಲ್ಲಿ ನಿಂತಿತು. ಡೆನ್ಮಾರ್ಕ್ ದೇಶದಲ್ಲಿ 1624ರಲ್ಲಿ ತೊಡಗಿದ ರಾಷ್ಟ್ರೀಯ ಅಂಚೆ 2025ರ ಡಿಸೆಂಬರ್ 30ರಂದು ತನ್ನ ಕೊನೆಯ ಕಾಗದವನ್ನು ಹಂಚಿ, ಆ ಕೆಲಸವನ್ನೇ ಬಿಟ್ಟುಕೊಟ್ಟಿತು. ನಾಲ್ಕು ಶತಮಾನಗಳ ಮಾತು ಒಂದು ದಿನದಲ್ಲಿ ಮುಗಿಯಬಲ್ಲುದೆಂದಾಯಿತು. ನಮ್ಮ ದೇಶದಲ್ಲಿ ಇನ್ನೂ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆಮನೆಗಳುಂಟು, ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿ. ಲಾಭವಿಲ್ಲದ ಊರಿಗೆ ಖಾಸಗಿ ಕೊರಿಯರಿನವನು ಹೋಗಲೇಬೇಕೆಂದಿಲ್ಲ; ಅಂಚೆಯವನು ಹೋಗುತ್ತಾನೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿ 2019ರಲ್ಲಿ ರೈತರ ಮಾವಿನಹಣ್ಣನ್ನು ಪೆಟ್ಟಿಗೆಗಳಲ್ಲಿ ಮನೆಮನೆಗೆ ಮುಟ್ಟಿಸಲು ಮುಂದಾದಾಗ ನನಗಾದ ಸಂತೋಷ ಹಣ್ಣಿನದಷ್ಟೇ ಅಲ್ಲ. ಕಾಗದವಿಲ್ಲದಿದ್ದರೂ ಬಾಗಿಲಿಗೆ ಬರುವ ಕಾರಣವೊಂದು ಅಂಚೆಯವನಿಗೆ ದೊರೆಯಿತಲ್ಲ ಎಂಬುದು. ಸಂಸ್ಥೆಯೊಂದು ಉಳಿಯುವುದು ಆಯವ್ಯಯದ ಬಲದಿಂದ ಮಾತ್ರವಲ್ಲ. ಜನ ಅದನ್ನು ತಮ್ಮದೆಂದು ಬಳಸುವುದರಿಂದ, ಸಲಿಗೆಯಿಂದ ಅದರೊಡನೆ ನಗುವುದರಿಂದ. ಯಾರೂ ತಮಾಷೆ ಮಾಡದ ಸಂಸ್ಥೆ ಮುಚ್ಚಿಹೋದಾಗ ಅಳುವವರೂ ಇರುವುದಿಲ್ಲ.

ಆದುದರಿಂದ ವಿದ್ಯಾರ್ಥಿಮಿತ್ರರಿಗೂ ಉಪಾಧ್ಯಾಯ ಬಂಧುಗಳಿಗೂ ನನ್ನದೊಂದು ಸೂಚನೆ. ತಿಪಟೂರಿನ ಕಡೆಯದೊಂದು ಒಣಗಿದ ಕಾಯಿಯನ್ನು ತೆಗೆದುಕೊಳ್ಳಿ. ದೂರದಲ್ಲಿರುವ ಗೆಳೆಯರೊಬ್ಬರ ವಿಳಾಸವನ್ನು ಅದರ ಮೇಲೆ ಸ್ಫುಟವಾಗಿ ಬರೆಯಿರಿ. ಗುಮಾಸ್ತರಿಗೆ ಬಿಡುವಿರುವ ಹೊತ್ತು ನೋಡಿ, ಸರತಿಯಲ್ಲಿ ನಿಂತು, “ಸ್ವಾಮಿ, ಇದು ಹೀಗೆಯೇ ಹೋಗುವುದೇ?” ಎಂದು ವಿನಯದಿಂದ ಕೇಳಿ. ಅವರು ನಿಯಮವನ್ನು ತೋರಿಸಿ ಆಗದೆಂದರೆ ಜಗಳ ಕಾಯಬೇಡಿ. ಬಟ್ಟೆ ಹೊಲಿದು, ತೂಕಕ್ಕೆ ತಕ್ಕ ದರ ಕೊಟ್ಟು ಕಳುಹಿಸಿ. ಆಗುವುದೆಂದರೆ ಅವರ ನಗುವಿನಲ್ಲಿ ನಿಮ್ಮದನ್ನೂ ಸೇರಿಸಿ ಬನ್ನಿ. ಕಾಯಿ ಮುಟ್ಟಿದವರು ಅದನ್ನು ಒಡೆದು ಚಟ್ನಿ ಅರೆಯಲಿ, ಇಲ್ಲವೆ ಗೂಡಿನಲ್ಲಿ ಇಟ್ಟುಕೊಳ್ಳಲಿ. ಮುಟ್ಟಿತೆಂದು ಒಂದು ಕಾರ್ಡನ್ನು ಮಾತ್ರ ತಪ್ಪದೆ ಬರೆಯಲಿ. ಆ ಕಾರ್ಡನ್ನು ಹಿಡಿದು ಅಂಚೆಯವನು ನಿಮ್ಮ ಬಾಗಿಲಿಗೆ ಬಂದಾಗ, ಕಾಯಿ ಕ್ಷೇಮವಾಗಿ ತಲುಪಿದ ಸುದ್ದಿಯನ್ನು ಅವನಿಗೂ ಹೇಳಿ.