ಜವೆಗೋಧಿಯಲ್ಲಿ ಉಳಿದ ಜೀನು

ರಬಕವಿಯ ಹಿಟ್ಟಿನ ಗಿರಣಿಯೊಂದರಲ್ಲಿ ಈಚೆಗೆ ಕಿವಿಗೆ ಬಿದ್ದ ಮಾತು. ಡಬ್ಬಿ ಹಿಡಿದು ಸರದಿಯಲ್ಲಿ ನಿಂತಿದ್ದ ತಾಯಿಯೊಬ್ಬರು ಕೇಳಿದರು: “ಅಣ್ಣಾರ, ನಮ್ಮ ಹುಡುಗಿಗೆ ರಕ್ತ ಕಡಿಮಿ ಐತಿ ಅಂದಾರ ಡಾಕ್ಟರು. ಚಪಾತಿಗೆ ಯಾವ ಗೋಧಿ ಛಲೋ ಹೇಳ್ರಿ.” ಗಿರಣಿಯವರು ತಡಮಾಡಲಿಲ್ಲ: “ಜವೆಗೋಧಿ ತಗೊಳ್ರಿ ಅಕ್ಕಾರ. ಹಳೇ ಮಂದಿ ಅದನ್ನ ಉಂಡು ಗಟ್ಟಿ ಇದ್ರು.”

ಹಳೆಯ ಮಂದಿಯ ಗಟ್ಟಿತನವನ್ನೆಲ್ಲ ಒಂದು ಕಾಳಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಆದರೂ ಆ ಮಾತನ್ನು ಹಾಗೆಯೇ ತಳ್ಳಿಹಾಕುವಂತೆಯೂ ಇಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65 ಮಕ್ಕಳಿಗೆ ರಕ್ತಹೀನತೆ ಇತ್ತು. ಆದ್ದರಿಂದ ದಿನವೂ ತಟ್ಟೆಗೆ ಬರುವ ಕಾಳಿನಲ್ಲಿ ಏನಿದೆ ಎಂದು ಕೇಳುವುದು ಸಹಜವೇ.

ಹುಗ್ಗಿಗೆ ನಾವು ಬಳಸುವ ಕೆಂಪು ಜವೆಗೋಧಿ ಒಕ್ಕಿದರೂ ಹೊಟ್ಟು ಬಿಡದು, ಕುಟ್ಟಿಯೇ ಬಿಡಿಸಬೇಕು. ಇದರ ಮೂಲ ಪಶ್ಚಿಮ ಏಷ್ಯದ ಒಂದು ಕಾಡುಗೋಧಿ. ಅದನ್ನು 1906ರಲ್ಲಿ ಈಗಿನ ಇಸ್ರೇಲಿನ ರೋಶ್ ಪಿನಾ ಬಳಿ ಆರನ್ ಆರನ್‌ಸನ್ ಎಂಬ ಸಸ್ಯವಿಜ್ಞಾನಿ ಗುರುತಿಸಿದ್ದರು. ಸರಿಯಾಗಿ ನೂರು ವರ್ಷಗಳ ಬಳಿಕ, 2006ರಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಡುಬ್‌ಕೋವ್‌ಸ್ಕಿ ಮತ್ತು ಸಂಗಡಿಗರು ಆ ಕಾಡುಗೋಧಿಯಲ್ಲಿದ್ದ ಜೀನೊಂದರ ಕೆಲಸವನ್ನು ಬಿಡಿಸಿ ತೋರಿಸಿದರು.

ಕಾಳು ಕಟ್ಟುವ ಹೊತ್ತಿಗೆ ಗೋಧಿಯ ಎಲೆ ಹಳದಿಯಾಗುವುದನ್ನು ಹೊಲದಲ್ಲಿ ನೀವು ನೋಡಿರುತ್ತೀರಿ. ಎಲೆ ಸುಮ್ಮನೆ ಒಣಗುವುದಿಲ್ಲ. ತನ್ನಲ್ಲಿರುವ ಪ್ರೋಟೀನನ್ನು ಒಡೆದು, ಕಬ್ಬಿಣ, ಸತುವಿನ ಜೊತೆಗೆ ತೆನೆಗೆ ಸಾಗಿಸುತ್ತದೆ. ಮನೆ ಖಾಲಿ ಮಾಡುವವರು ಸಾಮಾನು ಸಾಗಿಸಿದ ಹಾಗೆ. ಈ ಸಾಗಾಟವನ್ನು ಬೇಗ ಶುರುಮಾಡಿಸುವುದೇ ಆ ಜೀನಿನ ಕೆಲಸ. ಇಂದಿನ ಹೆಚ್ಚಿನ ಗೋಧಿ ತಳಿಗಳಲ್ಲಿ ಅದು ಕೆಟ್ಟುಹೋಗಿದೆ. ಪ್ರಯೋಗದಲ್ಲಿ ಈ ಬಗೆಯ ಜೀನುಗಳನ್ನು ಅಡಗಿಸಿದಾಗ ಎಲೆ ಮೂರು ವಾರಕ್ಕೂ ಹೆಚ್ಚು ಕಾಲ ಹಸಿರಾಗಿಯೇ ಉಳಿಯಿತು. ಕಾಳಿನಲ್ಲಿ ಪ್ರೋಟೀನು, ಕಬ್ಬಿಣ, ಸತು ನೂರಕ್ಕೆ 30ಕ್ಕೂ ಮಿಕ್ಕಿ ಇಳಿದವು. ಉಳಿದದ್ದು ಹುಲ್ಲಿನಲ್ಲಿ, ಅಂದರೆ ಎತ್ತಿನ ಪಾಲಿಗೆ! ಆಗ ಪರೀಕ್ಷಿಸಿದ ಜವೆಗೋಧಿಗಳಲ್ಲಿ ಮಾತ್ರ ಹೆಚ್ಚಿನವು ಈ ಜೀನನ್ನು ಉಳಿಸಿಕೊಂಡಿದ್ದವು. ಗಿರಣಿಯವರ ಮಾತಿಗೆ ಇಷ್ಟು ಆಧಾರ ಸಿಕ್ಕಂತಾಯಿತು.

ತಳಿ ಸುಧಾರಣೆ ಇದೊಂದೇ ಜೀನನ್ನು ನಂಬಿ ಕೂತಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029 ಎಂಬ ಗಿಡ್ಡ ಜವೆಗೋಧಿಗಳನ್ನು ಕೊಟ್ಟಿದೆ. ಪುಣೆಯ ಅಗರ್ಕರ್ ಸಂಶೋಧನ ಸಂಸ್ಥೆಯ ಎಂಎಸಿಎಸ್ 4028 ಎಂಬ ಗಟ್ಟಿಗೋಧಿ, ಕಡಿಮೆ ನೀರಿನ ಹೊಲಗಳಿಗೆಂದು 2018ರಲ್ಲಿ ಮಹಾರಾಷ್ಟ್ರ, ಕರ್ನಾಟಕಗಳಿಗೆ ಬಿಡುಗಡೆಯಾಯಿತು. ಅದರ ಕಾಳಿನಲ್ಲಿ ಪ್ರೋಟೀನು ಶೇ. 14.7, ಕೆ.ಜಿ.ಗೆ ಕಬ್ಬಿಣ 46.1 ಮಿಲಿಗ್ರಾಂ, ಸತು 40.3. ಸಾಮಾನ್ಯ ತಳಿಗಳಲ್ಲಿ ಕಬ್ಬಿಣ ಸುಮಾರು 30.

ಲೆಕ್ಕ ಹಾಕಿ ನೋಡಿ. ದಿನಕ್ಕೆ 200 ಗ್ರಾಂ ಹಿಟ್ಟು ಉಂಡರೆ ಸಾಮಾನ್ಯ ಗೋಧಿಯಿಂದ 6 ಮಿಲಿಗ್ರಾಂ ಕಬ್ಬಿಣ, ಇದರಿಂದ ಒಂಬತ್ತು. ಕಾಳಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಅದರ ಸಣ್ಣ ಪಾಲು ಮಾತ್ರ. ಹೀಗಾಗಿ ಆ ಹುಡುಗಿ ಡಾಕ್ಟರು ಬರೆದುಕೊಟ್ಟ ಗುಳಿಗೆ ಬಿಡುವಂತಿಲ್ಲ. ಊಟದೊಂದಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣ ಹೆಚ್ಚು ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ತಪ್ಪಿಹೋಗುತ್ತದೆ.

ಇನ್ನೊಂದು ಮಾತು ಜರಡಿಯದು. ಕಬ್ಬಿಣ, ಸತು ಹೆಚ್ಚಾಗಿ ಇರುವುದು ಕಾಳಿನ ಹೊರಪದರದಲ್ಲಿ ಮತ್ತು ಮೊಳಕೆಯ ಭಾಗದಲ್ಲಿ. ಚಪಾತಿ ಬೆಳ್ಳಗಾಗಲೆಂದು ಹಿಟ್ಟನ್ನು ನುಣ್ಣಗೆ ಸಾಣಿಸಿದರೆ ತಳಿವಿಜ್ಞಾನಿ ವರ್ಷಗಟ್ಟಲೆ ದುಡಿದು ಕಾಳಿಗೆ ತುಂಬಿಸಿದ್ದು ತೌಡಿನೊಂದಿಗೆ ಎಮ್ಮೆಯ ಬಾನಿಗೆ ಹೋಗುತ್ತದೆ. ಹುಗ್ಗಿಗೆ ಜವೆಗೋಧಿ ಕುಟ್ಟುವಾಗಲೂ ಅಷ್ಟೆ: ಹೊಟ್ಟು ಬಿಟ್ಟರೆ ಸಾಕು, ಕಾಳು ಬೆಳ್ಳಗಾಗುವ ತನಕ ಕುಟ್ಟುವ ಕಾರಣವಿಲ್ಲ.