ಬಫರ್‌ಗೂ ಬಳೆಗೂ ಏನು ಸಂಬಂಧ?

ಟೆಕ್ಸಸ್‌ನಲ್ಲಿ ಬಿಡಿಭಾಗ ಕೊಂಡು ರೈಫಲನ್ನು ತಾವೇ ಜೋಡಿಸಿಕೊಳ್ಳುವವರು ಬಹಳ. ಗುರಿ ಹೊಡೆಯುವ ಹವ್ಯಾಸಕ್ಕೆಂದು ನಾನೂ ಎಆರ್-15 ಒಂದನ್ನು ಜೋಡಿಸಹೊರಟರೆ, ಅಂಗಡಿಯವರದ್ದು ಒಂದೇ ಉಪದೇಶ: ಹೆಂಗಸರಿಗೆ ಭಾರದ ಬಫರೇ ಸರಿ, ಭುಜ ನೋಯದು!

ಇದು ಅರ್ಧ ಸತ್ಯ. ಬಫರೆಂದರೆ ಭುಜಕ್ಕಾನಿಸುವ ಕಡೆಯ ಕೊಳವೆಯಲ್ಲಿ ಸ್ಪ್ರಿಂಗಿನ ಜೊತೆ ಓಡಾಡುವ ತೂಕ. ಗುಂಡು ಹಾರಿದಾಗ ಅನಿಲದ ಒತ್ತಡಕ್ಕೆ ಹಿಂದೆ ಸರಿಯುವ ಬೋಲ್ಟನ್ನು ಅದು ತಡೆಯುತ್ತದೆ. ಸಾಮಾನ್ಯ ಕಾರ್ಬೈನ್ ಬಫರ್ ಸುಮಾರು 85 ಗ್ರಾಂ, ಎಚ್2 ಸುಮಾರು 130. ತೀರಾ ಹಗುರವಾದರೆ ಒದೆತ ಜೋರು, ಭಾಗಗಳು ಬೇಗ ಸವೆಯುತ್ತವೆ. ಅತಿ ಭಾರವಾದರೆ ಖಾಲಿ ತೋಟಾ ಹೊರಬೀಳದೆ ಸಿಕ್ಕಿಕೊಳ್ಳುತ್ತದೆ. ಗುಂಡು ತುಂಬಿದ ಬಂದೂಕು ಹಾಗೆ ಕಚ್ಚಿಕೊಂಡರೆ ಬಿಡಿಸುವ ಅಪಾಯ ಯಾರ ಕೈಗೆ?

ಕುಕ್ಕರಿನ ತೂಕವನ್ನು ನಾವು ಅಡುಗೆಯವಳ ತೋಳು ನೋಡಿ ಇಡುತ್ತೇವೆಯೇ? ಒಳಗಿನ ಆವಿಗೆ ತಾನೆ? ನಳಿಗೆಯ ಉದ್ದ, ಅನಿಲರಂಧ್ರದ ಅಳತೆ ಕೇಳದವರು ನೋಡಿದ್ದು ನನ್ನ ಬಳೆಗಳನ್ನು ಮಾತ್ರ.

ಮೊದಲ ರೈಫಲಿಗೆ ತಯಾರಕರು ಹೇಳಿದ ಬಫರನ್ನೇ ಹಾಕಿ. ಮ್ಯಾಗಜೀನಿನಲ್ಲಿ ಒಂದೇ ತೋಟಾ ಇಟ್ಟು ಹಾರಿಸಿ. ಬೋಲ್ಟ್ ಹಿಂದೆಯೇ ನಿಂತರೆ ಅನಿಲ ಸಾಲುತ್ತಿದೆ ಎಂದರ್ಥ. ಒದೆತ ಜೋರೆನಿಸಿದರೆ ಆಮೇಲೆ ಒಂದೊಂದೇ ಮೆಟ್ಟಿಲು ತೂಕ ಏರಿಸಿ. ಯಾರಾದರೂ "ಹೆಂಗಸರಿಗೆ" ಎಂದು ಶುರುಮಾಡಿದರೆ, ಮೊದಲು ನಳಿಗೆಯ ಉದ್ದ ಕೇಳಿ ಸ್ವಾಮಿ, ಎನ್ನಿ.